ಬೋರ್ ನೀರು, ಕೆರೆ ಗಿಡ: ಓದುಗರ ಅಕ್ವೇರಿಯಂ ಪ್ರಶ್ನೆಗಳು

ಹೋದ ಸಲ ಮೀನಿನ ಕಾಯಿಲೆ ಬಗ್ಗೆ ಬರೆದಿದ್ದೆ. ಈ ಸಲ ಬಂದಿರೋ ಕಾಗದ, ವಾಟ್ಸಾಪ್ ಮೆಸೇಜು ಎಲ್ಲಾ ಮುಂದೆ ಹಾಕ್ಕೊಂಡು ಕೂತ್ರೆ ಮುಕ್ಕಾಲು ಪಾಲು ಗಿಡದ್ದೇ. ದಾವಣಗೆರೆಯಿಂದ ಬಂದಿದ್ರೂ ಅದೇ, ದುರ್ಗದ ಕಡೆಯಿಂದ ಬಂದಿದ್ರೂ ಅದೇ ಗೋಳು: ತಂದ್ವಿ, ನೆಟ್ವಿ, ಹದಿನೈದು ದಿನಕ್ಕೆ ಕೊಳೆತೋಯ್ತು. ಜಾಗ ಇರೋಷ್ಟಕ್ಕೆ ಉತ್ತರ ಕೊಟ್ಟಿದೀನಿ, ಒಂದೇ ಥರದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿದೀನಿ, ಬೇಜಾರು ಮಾಡ್ಕೋಬೇಡ್ರಿ.

ಪ್ರಶ್ನೆ: ಸರ್, ಎರಡಡಿ ಟ್ಯಾಂಕು, ಬೋರ್ ನೀರು. ನಾಲ್ಕು ಜಾತಿ ಗಿಡ ತಂದು ನೆಟ್ಟಿದ್ದೆ, ಮೂರು ಕರಗಿಹೋದ್ವು. ಉಳಿದಿರೋದು ಒಂದೇ, ಉದ್ದ ರಿಬ್ಬನ್ ಥರದ್ದು, ಅದರ ಎಲೆ ಮೇಲೂ ಬಿಳೀ ಪುಡಿ ಕೂತಿದೆ, ಮುಟ್ಟಿದ್ರೆ ಒರಟು. ಅಂಗಡಿಯವರು ಲಿಕ್ವಿಡ್ ಕಾರ್ಬನ್ ಹಾಕಿ ಅಂದ್ರು, ಹಾಕಿದ ಮೇಲೆ ಅದೂ ಸೊರಗ್ತಿದೆ. ನನ್ನ ಕೈಗುಣಾನೇ ಸರಿ ಇಲ್ವಾ?
— ವಿದ್ಯಾನಗರ, ದಾವಣಗೆರೆ

ಉತ್ತರ: ಕೈಗುಣ ಅಲ್ಲ ಸರ್, ಬೋರ್ ಗುಣ. ನಿಮ್ಮ ಮನೆ ಗೀಸರ್ ಕಾಯಿಲ್ ಬಿಚ್ಚಿ ನೋಡಿದ್ರೆ, ಸ್ನಾನದ ನೀರು ಕಾಯಿಸೋ ಹಂಡೆ ತಳ ಕೆರೆದು ನೋಡಿದ್ರೆ ಏನು ಸಿಗುತ್ತೋ ಅದೇ ಬಿಳೀದು ಗಿಡದ ಎಲೆ ಮೇಲೂ ಕೂತಿರೋದು, ಸುಣ್ಣ, ಕ್ಯಾಲ್ಶಿಯಂ ಕಾರ್ಬೊನೇಟ್. ಕುಡಿಯೋ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ, ಬೇರೆ ನೀರೇ ಇಲ್ಲ ಅಂದ್ರೆ 600ರ ತನಕ ಸರಿ ಅಂತ ಐಎಸ್‌ಐ ಮಾರ್ಕ್ ಕೊಡೋ ಬಿಐಎಸ್ ಸಂಸ್ಥೆ ಮಿತಿ ಇಟ್ಟೈತೆ. ನಮ್ಮ ಕಡೆ ಸೋಪು ನೊರೆ ಬರದ ಬೋರುಗಳು ಎಷ್ಟಿದಾವೆ ಅಂತ ನಿಮಗೆ ನಾನು ಹೇಳೋದೇನು ಬೇಕಾಗಿಲ್ಲ.

ಈಗ ಹೈಸ್ಕೂಲಿಗೆ ಒಂದ್ಸಲ ವಾಪಸ್ ಹೋಗಿ ಬನ್ರಿ. ಬೀಕರ್ ಒಳಗೆ ಹೈಡ್ರಿಲ್ಲಾ, ಮೇಲೆ ಬೋರಲು ಹಾಕಿದ ಫನೆಲ್, ಅದರ ಮೇಲೆ ಟೆಸ್ಟ್‌ಟ್ಯೂಬ್, ಬಿಸಿಲಿಗೆ ಇಟ್ರೆ ಗುಳ್ಳೆ ಬರೋದು, ನೆನಪೈತಾ? ಗುಳ್ಳೆ ನಿಧಾನ ಆದ್ರೆ ಮೇಷ್ಟ್ರು ಚಿಟಿಕೆ ಅಡುಗೆ ಸೋಡಾ ಹಾಕ್ತಿದ್ರು, ತಕ್ಷಣ ಗುಳ್ಳೆ ಜೋರಾಗ್ತಿತ್ತು. ಯಾಕೆ ಅಂತ ಆಗ ನಾವು ಕೇಳ್ಲಿಲ್ಲ, ಮಾರ್ಕ್ಸ್ ಬಂದ್ರೆ ಸಾಕಿತ್ತು. ಅಡುಗೆ ಸೋಡಾ ಅಂದ್ರೆ ಬೈಕಾರ್ಬೊನೇಟು. ಹೈಡ್ರಿಲ್ಲಾ ಕಾರ್ಬನ್ ಡೈಆಕ್ಸೈಡ್ ಸಿಗದಿದ್ರೆ ನೀರಿನಲ್ಲಿ ಕರಗಿರೋ ಬೈಕಾರ್ಬೊನೇಟ್‌ನಿಂದಾನೇ ಕಾರ್ಬನ್ ಎಳ್ಕೊಂಡು ಊಟ ಮಾಡುತ್ತೆ. ನಮ್ಮ ಬೋರ್ ನೀರು ಗಡಸು ಅಂತೀವಲ್ಲ, ಅದರಲ್ಲಿ ತುಂಬಿರೋದು ಬಹುಮಟ್ಟಿಗೆ ಇದೇ ಬೈಕಾರ್ಬೊನೇಟು, ಜೊತೆಗೆ ಕ್ಯಾಲ್ಶಿಯಂ ಮೆಗ್ನೀಶಿಯಂ. ಅಂದ್ರೆ ಮೇಷ್ಟ್ರು ಸೋಡಾ ಹಾಕಿದ ಬೀಕರ್ ನಿಮ್ಮ ನಲ್ಲಿಯಿಂದಾನೇ ಬರ್ತೈತೆ!

ಆದ್ರೆ ಎಲ್ಲಾ ಗಿಡಕ್ಕೂ ಈ ವಿದ್ಯೆ ಬರಲ್ಲ. ಹೈಡ್ರಿಲ್ಲಾ, ಹಾರ್ನ್‌ವರ್ಟ್, ನಿಮ್ಮ ಹತ್ರ ಉಳ್ಕೊಂಡಿರೋ ರಿಬ್ಬನ್ ಗಿಡ (ಅದು ವ್ಯಾಲಿಸ್ನೇರಿಯಾ, ಪಿಯುಸಿ ಬಯಾಲಜಿಲಿ ನೀರಿನ ಮೇಲೆ ಪರಾಗಸ್ಪರ್ಶ ಅಂತ ಓದಿರ್ತೀರಲ್ಲ, ಹೆಣ್ಣು ಹೂವು ಸ್ಪ್ರಿಂಗ್ ಥರ ಉದ್ದ ತೊಟ್ಟಿನ ಮೇಲೆ ಮೇಲಕ್ಕೆ ಬರೋದು, ಅದೇ) ಇವುಕ್ಕೆ ಬರುತ್ತೆ. ಹಗಲು ಇವು ಬೈಕಾರ್ಬೊನೇಟ್ ಎಳ್ಕೊಂಡಾಗ ಎಲೆ ಪಕ್ಕದಲ್ಲೇ ಸುಣ್ಣ ಗಟ್ಟಿಯಾಗಿ ಕೂರುತ್ತೆ. ನೀವು ರೋಗ ಅಂದ್ಕೊಂಡಿರೋ ಬಿಳೀ ಪುಡಿ ಗಿಡ ಊಟ ಮಾಡ್ತಿರೋ ಗುರುತು ಕಣ್ರೀ! ಕರಗಿಹೋದ ಮೂರು ಯಾವುವು ಅಂತ ನೀವು ಬರೆದಿಲ್ಲ, ಆದ್ರೆ ಕೆಂಪೆಲೆಯ ನಾಜೂಕು ಗಿಡ ಆಗಿದ್ರೆ ಅವು ಮೆತ್ತನೆ ನೀರು ಕೇಳೋವು, ಈ ನೀರಿನಲ್ಲಿ ಉಪವಾಸ ಬಿದ್ದು ಸತ್ತಿರ್ತಾವೆ.

ಆ ಲಿಕ್ವಿಡ್ ಇವತ್ತೇ ನಿಲ್ಲಿಸಿ. ಲಿಕ್ವಿಡ್ ಕಾರ್ಬನ್ ಅಂತ ಮಾರೋದ್ರಲ್ಲಿ ಬಹಳಷ್ಟು ಇರೋದು ಗ್ಲುಟರಾಲ್ಡಿಹೈಡ್, ಆಸ್ಪತ್ರೆಗಳಲ್ಲಿ ಉಪಕರಣ ಕ್ರಿಮಿಶುದ್ಧಿ ಮಾಡೋಕೆ ಬಳಸೋ ಪದಾರ್ಥ. ಪಾಚಿ ಸಾಯುತ್ತೆ ನಿಜ, ವ್ಯಾಲಿಸ್ನೇರಿಯಾನೂ ಅದರ ಜೊತೆ ಕರಗುತ್ತೆ.

ಇಷ್ಟಾದ್ರೂ ಬೇರೆ ಗಿಡ ಬೆಳೆಸ್ಲೇಬೇಕು ಅನ್ಸಿದ್ರೆ ಕಾಯಿನ್ ಹಾಕಿ ನೀರು ತರ್ತೀವಲ್ಲ ಶುದ್ಧ ಕುಡಿಯೋ ನೀರಿನ ಘಟಕ, ಆ ಆರ್‌ಓ ನೀರನ್ನ ಬೋರ್ ನೀರಿಗೆ ಅರ್ಧಕ್ಕರ್ಧ ಬೆರೆಸಿ ಹಾಕಿ. ಪೂರ್ತಿ ಆರ್‌ಓ ಹಾಕ್ಬೇಡಿ, ಅದರಲ್ಲಿ ಗಿಡಕ್ಕೆ ಬೇಕಾದ ಕ್ಯಾಲ್ಶಿಯಂ ಮೆಗ್ನೀಶಿಯಂ ಹೆಚ್ಚೇನೂ ಉಳಿದಿರಲ್ಲ. ಒಂದೇ ದಿನ ಬದಲಾಯಿಸ್ಲೂ ಬೇಡಿ, ವಾರಕ್ಕೆ ಐದನೇ ಒಂದು ಭಾಗ. ಬೇಸಿಗೇಲಿ ಆವಿಯಾಗಿ ಕಡಿಮೆ ಆದ ನೀರಿಗೆ ಮಾತ್ರ ಆರ್‌ಓ ನೀರನ್ನೇ ತುಂಬ್ಸಿ, ಆವಿಯಾಗೋದು ನೀರು ಮಾತ್ರ, ಸುಣ್ಣ ತೊಟ್ಟೀಲೇ ಉಳಿಯುತ್ತೆ, ಅದರ ಮೇಲೆ ಮತ್ತೆ ಬೋರ್ ನೀರು ಸುರಿದ್ರೆ ಮೇ ತಿಂಗಳ ಹೊತ್ತಿಗೆ ತೊಟ್ಟಿ ನೀರು ಬೋರಿಗಿಂತ ಗಡಸಾಗಿರುತ್ತೆ. ತುಂಗಭದ್ರೆಯ ಕಾರ್ಪೊರೇಷನ್ ನೀರು ಬರೋ ದಿನ ಒಂದು ಡ್ರಮ್ ಹಿಡಿದಿಟ್ಕೊಂಡ್ರೂ ಆಯ್ತು, ಬೋರಿಗಿಂತ ಮೆತ್ತಗಿರುತ್ತೆ, ಆದ್ರೆ ಕ್ಲೋರಿನ್ ಹೋಗೋಕೆ ಬಾಯಿ ತೆರೆದು ಒಂದು ದಿನ ಇಡಬೇಕು. ಮೀನು ಯಾವುದು ಅಂತ ಬರೆದಿಲ್ಲ. ಗಪ್ಪಿ, ಮಾಲಿ, ಪ್ಲಾಟಿ ಆದ್ರೆ ಗಡಸು ನೀರೇ ಅವುಕ್ಕೆ ಇಷ್ಟ, ಏನೂ ಬದಲಾಯಿಸ್ಬೇಡಿ.

ಪ್ರಶ್ನೆ: ಅಂಕಲ್, ನಾನು ಒಂಬತ್ತನೇ ಕ್ಲಾಸು. ನಮ್ಮೂರ ಕೆರೇಲಿ ಹೈಡ್ರಿಲ್ಲಾ ರಾಶಿ ಐತೆ. ತಂದು ಟ್ಯಾಂಕಿಗೆ ಹಾಕ್ಬಹುದಾ? ಫ್ರೆಂಡ್ ಹಾಕಿದ್ದಕ್ಕೆ ಒಂದು ತಿಂಗಳಲ್ಲಿ ಬಸವನಹುಳ ತುಂಬಿ, ಗಪ್ಪಿ ಮರಿ ಎಲ್ಲಾ ಮಾಯ ಆಗಿದಾವೆ. ಬಸವನಹುಳ ತಿಂತಾ?
— ಹೊಳಲ್ಕೆರೆ ತಾಲ್ಲೂಕು

ಉತ್ತರ: ಹಾಕ್ಬಹುದು ತಮ್ಮಾ, ದುಡ್ಡು ಕೊಟ್ಟು ತರೋದಕ್ಕಿಂತ ಒಳ್ಳೇದು, ಆ ಗಿಡಕ್ಕೆ ನಮ್ಮ ನೀರು ಹುಟ್ಟಿದಾಗಿಂದ ಗೊತ್ತು. ಆದ್ರೆ ಕೆರೆಗೆ ಒಬ್ಬನೇ ಹೋಗ್ಬೇಡ, ಈಜು ಬಂದ್ರೂ ಸರಿ, ಹೂಳು ಮತ್ತೆ ಬಳ್ಳಿ ಕಾಲಿಗೆ ಸುತ್ಕೊಳ್ಳುತ್ತೆ, ದೊಡ್ಡೋರ ಜೊತೆ ಹೋಗಿ ದಡದಲ್ಲೇ ಕೈಗೆ ಸಿಗೋದು ತಗೋ. ಊರ ಚರಂಡಿ ಸೇರೋ ಕಡೆಯಿಂದ ಬೇಡ. ಕೆರೆ ನೀರು ತರಬೇಡ, ಗಿಡ ಮಾತ್ರ.

ಬಸವನಹುಳ ಪಾಪದ್ದು, ಅದು ತಿನ್ನೋದು ಪಾಚಿ, ಕೊಳೆತ ಎಲೆ, ಮೀನು ಬಿಟ್ಟ ಊಟ. ನಿನ್ನ ಫ್ರೆಂಡ್ ಊಟ ಜಾಸ್ತಿ ಹಾಕ್ತಿರ್ಬೇಕು, ಅದಕ್ಕೇ ಅಷ್ಟು ಹೆಚ್ಚಾಗಿರೋದು, ರಾತ್ರಿ ಒಂದು ಸೌತೆಕಾಯಿ ಬಿಲ್ಲೆ ಬಿಟ್ಟು ಬೆಳಗ್ಗೆ ಎತ್ತಿದ್ರೆ ಅದಕ್ಕೆ ಅಂಟ್ಕೊಂಡು ಗುಂಪಾಗಿ ಬರ್ತಾವೆ. ಮರಿ ತಿಂದ ಕಳ್ಳ ಬೇರೆ, ಏರೋಪ್ಲೇನ್ ಚಿಟ್ಟೆ ಮರಿ ಅಂತ ನನ್ನ ಅನುಮಾನ. ಏರೋಪ್ಲೇನ್ ಚಿಟ್ಟೆ ನೀರಿನ ಗಿಡದಲ್ಲಿ ಮೊಟ್ಟೆ ಇಡುತ್ತೆ, ಅದರ ಮರಿ ನೀರಲ್ಲೇ ಬೆಳೆಯೋದು, ಕೆಳತುಟಿ ಕೈ ಥರ ಮುಂದಕ್ಕೆ ಚಾಚಿ ಮೀನಿನ ಮರಿ ಹಿಡಿಯುತ್ತೆ, ನೋಡೋಕೆ ಸಕತ್ತಾಗಿರುತ್ತೆ, ನಮ್ಮ ತೊಟ್ಟೀಲಿ ಬೇಡ ಅಷ್ಟೆ. ಗಿಡವನ್ನ ಮೂರ್ನಾಲ್ಕು ನೀರಲ್ಲಿ ಜಾಲಿಸು, ಬಿಳೀ ಬೇಸಿನ್‌ನಲ್ಲಿ ಅಲ್ಲಾಡಿಸಿದ್ರೆ ಹುಳ, ಜಿಗಣೆ ಎಲ್ಲಾ ಕಾಣುತ್ತೆ, ಲೋಳೆ ಥರ ಮೊಟ್ಟೆ ಅಂಟಿರೋ ಎಲೆ ಕಿತ್ತು ಬಿಸಾಕು. ಆಮೇಲೆ ಎರಡು ವಾರ ಬೇರೆ ಬಕೆಟ್‌ನಲ್ಲಿ ಬೆಳಕು ಬೀಳೋ ಕಡೆ ಇಟ್ಟು, ದಿನಾ ಒಂದ್ಸಲ ಬಗ್ಗಿ ನೋಡಿ, ಏನೂ ಓಡಾಡ್ತಿಲ್ಲ ಅಂದ ಮೇಲೆ ಟ್ಯಾಂಕಿಗೆ. ಎರಡು ವಾರ ಕಾಯೋದು ಒಂಬತ್ತನೇ ಕ್ಲಾಸಿನಲ್ಲಿ ಕಷ್ಟ, ಗೊತ್ತು.

ಪ್ರಶ್ನೆ: ಲಕ್ಕಿ ಬ್ಯಾಂಬೂ ನೀರೊಳಗೆ ಮುಳುಗಿಸಿ ಇಟ್ಟಿದ್ವಿ, ಕಾಂಡ ಹಳದಿಯಾಗಿ ವಾಸನೆ ಬರ್ತಿದೆ.
— ನಿಟ್ಟುವಳ್ಳಿ

ಉತ್ತರ: ಅದು ನೀರಿನ ಗಿಡಾನೂ ಅಲ್ಲ, ಬಿದಿರೂ ಅಲ್ಲ. ಬೇರು ನೀರಲ್ಲಿರಲಿ, ತಲೆ ಗಾಳೀಲಿರಲಿ ಅನ್ನೋ ಜಾತಿ. ಈಗಲೇ ತೆಗೀರಿ, ಕೊಳೆತ ಭಾಗ ಮೀನಿಗೆ ಒಳ್ಳೇದಲ್ಲ. ಅದೇ ಜಾಗಕ್ಕೆ ಮನಿ ಪ್ಲಾಂಟ್ ಬಳ್ಳಿ ತಂದು ಬೇರು ಮಾತ್ರ ತೊಟ್ಟಿಗೆ ಇಳಿಬಿಟ್ಟು ಎಲೆ ಹೊರಗಿಡಿ, ನೀರಲ್ಲಿರೋ ನೈಟ್ರೇಟ್ ಎಲ್ಲಾ ಹೀರಿ ಹುಲುಸಾಗಿ ಹಬ್ಬುತ್ತೆ.

ಪ್ರಶ್ನೆ: ಅಣ್ಣಾ, ಗಿಡದ ಎಲೆ ತುದೀಲಿ ಕಪ್ಪು ಗಡ್ಡದ ಥರ ಪಾಚಿ, ಗಾಜಿಗೆ ಹಸಿರು ಚುಕ್ಕೆ. ಲೈಟ್ ಬೆಳಗ್ಗೆ ಆರಕ್ಕೆ ಹಾಕಿ ರಾತ್ರಿ ಮಲಗೋವಾಗ ಆರಿಸ್ತೀವಿ, ಗಿಡಕ್ಕೆ ಬೆಳಕು ಬೇಕಲ್ವಾ. ಸಕ್ಕರ್ ಮೀನು ಎರಡು ಬಿಟ್ರೆ ಪಾಚಿ ಕ್ಲೀನ್ ಆಗುತ್ತೆ ಅಂತಾರೆ, ನಿಜಾನಾ?
— ಹರಿಹರ

ಉತ್ತರ: ಹದಿನಾರು ಗಂಟೆ ಲೈಟು! ಮೀನು ಮಲಗೋದು ಯಾವಾಗ ಮಾರಾಯ್ರೇ. ಆರೇಳು ಗಂಟೆ ಸಾಕು, ಹತ್ತಿಪ್ಪತ್ತು ನಿಮಿಷ ಹೆಚ್ಚು ಕಮ್ಮಿ ಆದ್ರೆ ಏನಿಲ್ಲ, ಆದ್ರೆ ದಿನಾ ಒಂದೇ ಹೊತ್ತಿಗೆ ಹತ್ತಿ ಒಂದೇ ಹೊತ್ತಿಗೆ ಆರಬೇಕು, ಎಲೆಕ್ಟ್ರಿಕಲ್ ಅಂಗಡೀಲಿ ಪ್ಲಗ್ಗಿಗೆ ಹಾಕೋ ಟೈಮರ್ ಸಿಗುತ್ತೆ, ತಗೊಂಡ್ಬಿಡಿ. ನೀವು ಸಂಜೆ ಮನೇಲಿರೋದಾದ್ರೆ ನಾಲ್ಕರಿಂದ ಹತ್ತಕ್ಕೆ ಇಡಿ, ನೋಡೋ ಹೊತ್ತಿಗೆ ಬೆಳಕಿರುತ್ತೆ.

ಬೆಳಕು, ಕಾರ್ಬನ್, ಗೊಬ್ಬರ ಮೂರೂ ಜೊತೆಗೆ ಇದ್ರೆ ಗಿಡ ಬೆಳೆಯುತ್ತೆ, ಅದರಲ್ಲಿ ಬೆಳಕೊಂದೇ ಜಾಸ್ತಿ ಇದ್ರೆ ಗಿಡಕ್ಕೆ ಬಳಸ್ಕೊಳ್ಳೋಕಾಗಲ್ಲ, ಪಾಚಿ ಬಳಸ್ಕೊಳ್ಳುತ್ತೆ. ಕಪ್ಪು ಗಡ್ಡ ಹತ್ತಿದ ಎಲೆ ಉಳಿಸೋಕೆ ಹೋಗ್ಬೇಡಿ, ಬುಡದಲ್ಲೇ ಕತ್ತರಿಸಿ. ಗಾಜಿನ ಚುಕ್ಕೆಗೆ ಹಳೇ ಎಟಿಎಂ ಕಾರ್ಡು ಸಾಕು, ಕೆರೀರಿ. ಜೊತೆಗೆ ಬೇಗ ಬೆಳೆಯೋ ಹಾರ್ನ್‌ವರ್ಟ್ ಒಂದು ಕಂತೆ ಬಿಡಿ, ಪಾಚಿ ಊಟ ಅದು ಕಿತ್ಕೊಳ್ಳುತ್ತೆ. ಒಂದು ಮಾತು, ಹೊಸ ತೊಟ್ಟೀಲಿ ಮೊದಲ ತಿಂಗಳು ಬರೋ ಕಂದು ಪುಡಿ ಪಾಚಿಗೆ ಇಷ್ಟೆಲ್ಲಾ ಗಾಬರಿ ಬೇಡ, ಒರೆಸಿದ್ರೆ ಹೋಗುತ್ತೆ, ತಾನಾಗೇ ನಿಲ್ಲುತ್ತೆ.

ಸಕ್ಕರ್ ಬೇಡ್ವೇ ಬೇಡ. ಅಂಗಡೀಲಿ ಎರಡಿಂಚು ಇರುತ್ತೆ, ದೊಡ್ಡದಾದ್ರೆ ಒಂದಡಿ ದಾಟುತ್ತೆ. ಕಪ್ಪು ಗಡ್ಡ ಮುಟ್ಟಲ್ಲ, ಗಿಡ ಬುಡಮೇಲು ಮಾಡುತ್ತೆ, ಅದು ಹಾಕೋ ಹಿಕ್ಕೆಯಿಂದ ಇನ್ನಷ್ಟು ಪಾಚಿ. ಆಮೇಲೆ ಸಾಕೋಕಾಗದೆ ಜನ ಹೊಳೆಗೆ ಬಿಡ್ತಾರೆ. ಆಂಧ್ರ, ಬಂಗಾಳದ ಕೆರೆಗಳಲ್ಲಿ ಅದು ಹೆಚ್ಚಿ ಅದರ ಮುಳ್ಳಿಗೆ ಮೀನುಗಾರರ ಬಲೆ ಹರೀತಿದಾವೆ. ನಿಮ್ಮೂರ ಪಕ್ಕ ಹರಿಯೋದು ತುಂಗಭದ್ರೆ, ನೋಡ್ಕೊಳ್ರಿ.

ಪ್ರಶ್ನೆ: ಗಿಡಕ್ಕೆ ಜಲ್ಲಿ ಬದಲು ಹೊಲದ ಮಣ್ಣು ಹಾಕಿದ್ರೆ ಹೇಗೆ? ನಮ್ಮದು ಎರೆಹೊಲ, ಮಣ್ಣು ಫಲವತ್ತಾಗಿದೆ. ಅಲಂಕಾರಕ್ಕೆ ಕೋಟೆ ಕಡೆಯಿಂದ ಕಲ್ಲು ತರೋಣ ಅಂತ.
— ಚಳ್ಳಕೆರೆ

ಉತ್ತರ: ಎರೆಮಣ್ಣು ಹತ್ತಿಗೆ, ಕಡಲೆಗೆ ಬಂಗಾರ, ತೊಟ್ಟಿಗೆ ಕೆಸರು. ನೀರು ಕುಡಿದು ಉಬ್ಬುತ್ತೆ, ಜಿಗಟು ಮಣ್ಣಾದ್ದರಿಂದ ಒಂದ್ಸಲ ಗಿಡ ಕಿತ್ರೆ ಎರಡು ದಿನ ರಾಡಿ, ಸಾಲದ್ದಕ್ಕೆ ಅದರಲ್ಲಿ ಸುಣ್ಣಕಲ್ಲಿನ ಹರಳು. ಇರೋ ಗಡಸು ಸಾಲ್ದಾ?

ಕೆಮ್ಮಣ್ಣು ತರ್ರಿ. ಅದರ ಕೆಂಪೇ ಕಬ್ಬಿಣದ್ದು. ನಮ್ಮ ಥರದ ಕ್ಷಾರದ ನೀರಿನಲ್ಲಿ ಕಬ್ಬಿಣ ಕರಗಿ ನಿಲ್ಲಲ್ಲ, ಎಲೆ ಮೂಲಕ ಸಿಗದೆ ಹೊಸ ಚಿಗುರು ಬೆಳ್ಳಗೆ ಹಳದಿಯಾಗುತ್ತೆ (ಹಳೇ ಎಲೆ ಹಳದಿಯಾದ್ರೆ ಅದು ಸಾರಜನಕದ ಕೊರತೆ, ಹಳೇ ಎಲೇಲಿ ಸಣ್ಣ ಸಣ್ಣ ತೂತು ಬಿದ್ರೆ ಪೊಟ್ಯಾಶ್, ಇದನ್ನ ಎಷ್ಟೋ ಜನ ಕೇಳಿದ್ರಿ, ಇಲ್ಲೇ ಸೇರಿಸ್ದೆ). ಬುಡದಲ್ಲಿ ಕೆಮ್ಮಣ್ಣಿದ್ರೆ ಬೇರು ಅಲ್ಲಿಂದಾನೇ ಎಳ್ಕೊಳ್ಳುತ್ತೆ. ಗೊಬ್ಬರ ಹಾಕಿರದ ಕಡೆಯ ಮಣ್ಣು, ಜರಡಿ ಹಿಡಿದು, ಬಕೆಟ್‌ನಲ್ಲಿ ನೆನೆಸಿ ಮೇಲೆ ತೇಲೋ ಕಸ ಚೆಲ್ಲಿ, ಬಿಸಿಲಿಗೆ ಒಣಗಿಸಿ, ಮತ್ತೆ ನೆನೆಸಿ, ಹೀಗೆ ಮೂರ್ನಾಲ್ಕು ಸಲ. ತಳಕ್ಕೆ ಒಂದಿಂಚು ಮಣ್ಣು, ಮೇಲೆ ಎರಡಿಂಚು ತೊಳೆದ ದಪ್ಪ ಮರಳು. ನೀರು ಸುರಿಯೋವಾಗ ಒಂದು ತಟ್ಟೆ ಇಟ್ಟು ಅದರ ಮೇಲೆ ನಿಧಾನಕ್ಕೆ, ಇಲ್ಲಾಂದ್ರೆ ಇಷ್ಟೂ ಕೆಲಸ ಕೆಂಪು ಟೀ ಆಗುತ್ತೆ. ಮೊದಲ ದಿನವೇ ತುಂಬಾ ಗಿಡ ನೆಡಿ, ಮೀನು ಮಾತ್ರ ನಾಲ್ಕರಿಂದ ಆರು ವಾರ ಬೇಡ, ಹೊಸ ಮಣ್ಣು ಅಮೋನಿಯ ಬಿಡುತ್ತೆ, ಅದನ್ನ ನೈಟ್ರೈಟ್ ಮಾಡಿ ಆಮೇಲೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಬೆಳೆಯೋಕೆ ಅಷ್ಟು ದಿನ ಬೇಕು. ಅಷ್ಟೆಲ್ಲಾ ಬೇಡ ಅಂದ್ರೆ ಕೆಮ್ಮಣ್ಣನ್ನ ಗೋಲಿ ಗಾತ್ರಕ್ಕೆ ಉಂಡೆ ಕಟ್ಟಿ ಚೆನ್ನಾಗಿ ಒಣಗಿಸಿ, ವ್ಯಾಲಿಸ್ನೇರಿಯಾ ಬುಡದಲ್ಲಿ ಜಲ್ಲಿ ಒಳಗೆ ಒಂದೊಂದು ಒತ್ತಿಬಿಡಿ.

ಅನೂಬಿಯಾಸ್, ಜಾವಾ ಫರ್ನ್ ಮಾತ್ರ ಮಣ್ಣಲ್ಲಿ ಹೂಳ್ಬೇಡಿ, ಅವುಗಳ ದಪ್ಪ ಬೇರುಕಾಂಡ ಹೊರಗಿರಬೇಕು, ಕಲ್ಲಿಗೋ ಕಟ್ಟಿಗೆಗೋ ದಾರದಲ್ಲಿ ಕಟ್ಟಬೇಕು. ನಾನು ಶುರು ಮಾಡಿದ ವರ್ಷ ಅನೂಬಿಯಾಸ್‌ನ ಶುಂಠಿ ಹೂಳೋ ಥರ ಹೂತಿದ್ದೆ, ಶುಂಠಿ ಥರಾನೇ ಕಾಣುತ್ತಲ್ಲ, ಇಪ್ಪತ್ತು ದಿನಕ್ಕೆ ಲೋಳೆ.

ಕಲ್ಲಿನ ವಿಚಾರ. ದುರ್ಗದ ಕಡೆ ಸಿಗೋ ಗ್ರಾನೈಟ್ ಜಾತಿ ಕಲ್ಲು ತೊಟ್ಟಿಗೆ ಒಳ್ಳೇದು, ನೀರಿಗೆ ಏನೂ ಬಿಡಲ್ಲ. ಅನುಮಾನ ಇದ್ರೆ ನಿಂಬೆರಸ ಹಿಂಡಿ ನೋಡಿ, ಬುಸ್ ಅಂತ ನೊರೆ ಬಂದ್ರೆ ಸುಣ್ಣದ ಕಲ್ಲು, ಬೇಡ. ಆದ್ರೆ ಕೋಟೆಯಿಂದ ತರಬೇಡ್ರಿ ಸ್ವಾಮಿ, ಅದು ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ನಿಮ್ಮ ಹೊಲದ ಬದುವಿನಲ್ಲೇ ಸಿಗ್ತಾವಲ್ಲ.

ಪ್ರಶ್ನೆ: ಗಿಡ ಆಮ್ಲಜನಕ ಕೊಡುತ್ತೆ ಅಂತ ತೊಟ್ಟಿ ತುಂಬಾ ಗಿಡ ಬೆಳೆಸಿ ಏರ್ ಪಂಪ್ ತೆಗೆದುಬಿಟ್ಟೆ. ಈಗ ಬೆಳಗಿನ ಜಾವ ಎದ್ದು ನೋಡಿದ್ರೆ ಮೀನೆಲ್ಲಾ ಮೇಲೆ ಬಂದು ಬಾಯಿ ಬಿಡ್ತಿರ್ತಾವೆ, ಮಧ್ಯಾಹ್ನಕ್ಕೆ ಸರಿಹೋಗ್ತಾವೆ. ರಾತ್ರಿ ಕರೆಂಟ್ ಹೋದ ದಿನ ನಾಲ್ಕು ಸತ್ವು.
— ಜಗಳೂರು

ಉತ್ತರ: ಕೊಡುತ್ತೆ ಅಕ್ಕಾ, ಬೆಳಕಿರೋ ತನಕ. ಕತ್ತಲಾದ ಮೇಲೆ ಗಿಡಾನೂ ನಮ್ಮ ಥರಾನೇ ಉಸಿರಾಡುತ್ತೆ, ಆಮ್ಲಜನಕ ತಗೊಳ್ಳುತ್ತೆ, ಮೀನು, ಗಿಡ, ಬ್ಯಾಕ್ಟೀರಿಯಾ ಎಲ್ಲರೂ ಒಂದೇ ಪಾತ್ರೆಗೆ ಕೈ ಹಾಕ್ದಂಗೆ, ಬೆಳಗಿನ ಜಾವದ ಹೊತ್ತಿಗೆ ಪಾತ್ರೆ ಖಾಲಿ. ಅದರ ಮೇಲೆ ಬಿಸಿಲುಗಾಲ. ನೀರು 25 ಡಿಗ್ರಿ ಇದ್ದಾಗ ಲೀಟರಿಗೆ ಹೆಚ್ಚಂದ್ರೆ 8 ಮಿಲಿಗ್ರಾಂ ಚಿಲ್ಲರೆ ಆಮ್ಲಜನಕ ಹಿಡ್ಕೊಳ್ಳುತ್ತೆ, 32 ಡಿಗ್ರಿ ಆದ್ರೆ ಏಳೂಕಾಲಿನ ಹತ್ರ. ಅದಕ್ಕೆ ಲೈಟ್ ಆರಿದ ಮೇಲೆ ಏರ್ ಪಂಪ್ ಹಾಕಿ, ಬೆಳಗ್ಗೆ ತೆಗೀರಿ. ಕರೆಂಟಿನ ಭರವಸೆ ಇಲ್ಲ ಅಂದ್ರೆ ಚಾರ್ಜ್ ಆಗೋ ಬ್ಯಾಟರಿ ಪಂಪು ಸಿಗುತ್ತೆ, ಮೊಬೈಲ್ ಪವರ್ ಬ್ಯಾಂಕಿಗೆ ಚುಚ್ಚೋದೂ ಐತೆ. ಅದೂ ಇಲ್ಲದ ರಾತ್ರಿ ತಂಬಿಗೇಲಿ ತೊಟ್ಟಿ ನೀರು ಮೊಗೆದು ಒಂದಡಿ ಎತ್ತರದಿಂದ ವಾಪಸ್ ಸುರೀರಿ, ಅರ್ಧ ಗಂಟೆಗೊಮ್ಮೆ, ನಿದ್ದೆ ಕೆಡುತ್ತೆ, ಮೀನು ಉಳಿಯುತ್ತೆ. ಮೇಲೆ ಅಂತರಗಂಗೆ ಬಿಟ್ಟಿದ್ರೆ ಅರ್ಧ ತೆಗೀರಿ, ನೀರಿನ ಮುಖ ಗಾಳಿಗೆ ತೆರೆದಿರಬೇಕು.

ಪ್ರಶ್ನೆ: ಮಗ ಆನ್‌ಲೈನಲ್ಲಿ ನೋಡಿ ಸಿಒಟು (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್ ಬೇಕು ಅಂತ ಹಟ ಹಿಡಿದಿದಾನೆ. ಅದಿಲ್ಲದೆ ಗಿಡ ಬೆಳೆಯಲ್ವಾ ಸರ್?
— ಹೊಸದುರ್ಗ

ಉತ್ತರ: ಮೇಲೆ ಬರೆದ ಕೆರೆ ಗಿಡಗಳಿಗೆ ಬೇಕಿಲ್ಲ ಮೇಡಂ. ತಳಕ್ಕೆ ಹುಲ್ಲು ಹಾಸಿದ ಥರ, ಕೆಂಪು ಗಿಡ, ಆ ವಿಡಿಯೋಗಳಲ್ಲಿ ಬರೋ ಥರದ ತೋಟ ಬೇಕು ಅಂದ್ರೆ ಬೇಕು. ಹಟ ತೀರ್ಸೋಕೆ ಮೊದಲು ಸಕ್ಕರೆ, ಈಸ್ಟಿನ ಬಾಟ್ಲಿ ಮಾಡಿಸಿ: ಎರಡು ಲೀಟರ್ ಬಾಟ್ಲಿ, ಮುಕ್ಕಾಲು ನೀರು, ಒಂದು ಲೋಟ ಸಕ್ಕರೆ, ಕಾಲು ಚಮಚ ಬೇಕರಿ ಈಸ್ಟು, ಮುಚ್ಚಳಕ್ಕೆ ಸಣ್ಣ ಪೈಪು. ನಡುವೆ ಇನ್ನೊಂದು ಖಾಲಿ ಬಾಟ್ಲಿ ಇಡ್ಲೇಬೇಕು, ಇಲ್ಲಾಂದ್ರೆ ಉಕ್ಕಿದ ಸಕ್ಕರೆ ನೀರು ನೇರ ತೊಟ್ಟಿಗೆ. ಎರಡು ವಾರ ಗುಳ್ಳೆ ಬರುತ್ತೆ. ಪೈಪ್ ಮುಚ್ಚಬಾರ್ದು, ಬಾಟ್ಲಿ ಸಿಡಿಯುತ್ತೆ. ರಾತ್ರಿ ನಿಲ್ಲಿಸೋಕಾಗಲ್ಲ, ಅದಕ್ಕೆ ರಾತ್ರಿ ಏರ್ ಪಂಪು. ಮೀನು ಮೇಲೆ ಬಂದು ಏದುಸಿರು ಬಿಟ್ರೆ ಗ್ಯಾಸ್ ಜಾಸ್ತಿ ಆಗೈತೆ ಅಂತ, ತಕ್ಷಣ ಪೈಪ್ ತೆಗೀಬೇಕು. ಈ ಬಾಟ್ಲೀನ ಆರು ತಿಂಗಳು ತಪ್ಪದೆ ನೋಡ್ಕೊಂಡ್ರೆ ಆಮೇಲೆ ಸಿಲಿಂಡರ್ ಮಾತು. ನನ್ನ ಅಂದಾಜು, ಮೂರನೇ ಬಾಟ್ಲಿಗೆ ಹಟ ಇಳಿಯುತ್ತೆ.

ಪ್ರಶ್ನೆ: ಗಿಡ ಬೆಳೀಲಿ ಅಂತ ಒಂದು ಚಮಚ ಯೂರಿಯಾ ಹಾಕಿದೆ. ಬೆಳಗ್ಗೆಗೆ ಎಲ್ಲಾ ಮೀನು ಹೋದ್ವು.
— ಹಿರಿಯೂರು

ಉತ್ತರ: ಓದಿ ಹೊಟ್ಟೆ ಚುರುಕ್ ಅಂತು. ಯೂರಿಯಾ ನೀರಲ್ಲಿ ಒಡೆದು ಅಮೋನಿಯ ಆಗುತ್ತೆ. ಅಮೋನಿಯ ಎಷ್ಟು ವಿಷ ಅನ್ನೋದು ನೀರಿನ ಪಿಎಚ್ (ಹುಳಿಯೋ ಕ್ಷಾರವೋ ಅನ್ನೋ ಅಳತೆ) ಮೇಲೆ ಹೋಗುತ್ತೆ, ಪಿಎಚ್ 7ರಲ್ಲಿ ಇರೋದಕ್ಕಿಂತ 8ರಲ್ಲಿ ವಿಷದ ಭಾಗ ಸುಮಾರು ಹತ್ತುಪಟ್ಟು, ನಮ್ಮ ಬೋರುಗಳು ಎಂಟರ ಕಡೆಗೇ ವಾಲೋವು. ಗಿಡ ಉಳಿಸ್ಕೊಳ್ಳಿ, ನೀರು ಅರ್ಧರ್ಧ ಎರಡು ಮೂರು ಸಲ ಬದಲಾಯಿಸಿ, ಒಂದು ತಿಂಗಳು ಬಿಟ್ಟು ಮೀನು. ಮೀನಿರೋ ತೊಟ್ಟೀಲಿ ಸಾರಜನಕ ಹಾಕೋ ಪ್ರಮೇಯ ಬರೋದೇ ಅಪರೂಪ, ಅದರ ಹಿಕ್ಕೇನೇ ಗೊಬ್ಬರ.

ಪ್ರಶ್ನೆ: ಗಿಡ ವಿಪರೀತ ಬೆಳೆದು ವಾರಕ್ಕೊಂದು ಬುಟ್ಟಿ ತೆಗೀತಿದೀನಿ. ಭದ್ರಾ ಚಾನಲ್ ಮನೆ ಪಕ್ಕದಲ್ಲೇ ಐತೆ, ಹಾಕ್ಬಹುದಲ್ವಾ?
— ದಾವಣಗೆರೆ ತಾಲ್ಲೂಕು

ಉತ್ತರ: ಬೇಡ. ನಮ್ಮ ಕೆರೇಲಿ ಸಾಧುವಾಗಿರೋ ಇದೇ ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಜೊತೆ ಅಮೆರಿಕದ ಫ್ಲೋರಿಡಾಕ್ಕೆ ಹೋಗಿ ಅಲ್ಲಿನ ಕೆರೆ ಕಾಲುವೆ ಎಲ್ಲಾ ಕಟ್ಟಿಹಾಕ್ತು, ಇಂಚುದ್ದದ ತುಂಡು ಸಾಕು, ಬೇರು ಬಿಡುತ್ತೆ. ಹಂಗೇ ದಕ್ಷಿಣ ಅಮೆರಿಕ ಕಡೆಯಿಂದ ಬಂದ ನೀಲಿ ಹೂವಿನ ಜಲಕಳೆ ನಮ್ಮ ಕೆರೆಗಳಿಗೆ ಏನು ಮಾಡೈತೆ ಅಂತ ನೀವೇ ನೋಡಿದೀರಿ. ಟೆರೇಸ್ ಮೇಲೆ ಎರಡು ಬಿಸಿಲು ಗರಿಗರಿ ಒಣಗ್ಸಿ ತೆಂಗಿನ ಬುಡಕ್ಕೆ ಹಾಕಿ, ತೊಟ್ಟಿ ಬದಲಾಯಿಸಿದ ನೀರನ್ನೂ ಅಲ್ಲಿಗೇ ಹುಯ್ಯಿರಿ. ಒಂದು ಹಿಡಿ ಮಾತ್ರ ಒದ್ದೆ ಬಟ್ಟೇಲಿ ಸುತ್ತಿ ಕವರ್‌ಗೆ ಹಾಕಿ ಎತ್ತಿಡಿ, ವಿದ್ಯಾನಗರದವರಿಗೆ ಬೇಕಾಗಿರುತ್ತೆ.